ರಸ್ತೆಗೆ ಬೇಕಾದ ಸಹಿ

ಹಬ್ಬವಿಲ್ಲದ, ಮದುವೆ ನಾಮಕರಣ ಯಾವುದೂ ಇಲ್ಲದ ಒಂದು ಬುಧವಾರ ಗಂಗರತ್ನಮ್ಮ ಸೊಸೆಗೆ ರೇಷ್ಮೆ ಸೀರೆ ತಂದುಕೊಟ್ಟಾಗಲೇ, ಯಾವುದೋ ಸಹಿ ಬೇಕಾಗಿದೆ ಎಂದು ಗಂಗರತ್ನಮ್ಮನ ಅತ್ತೆ, ಮುದುಕಿ ಮುನಿಕೆಂಪಮ್ಮನಿಗೆ ಗೊತ್ತಾಯಿತು.

ಆ ಮನೆಯ ರೂಢಿಯೇ ಹಾಗೆ. ರಾಜಾನುಕುಂಟೆಯ ಸುತ್ತ ಜಮೀನಿಗೆ ಬೆಲೆ ಬಂದ ಹೊಸತರಲ್ಲಿ ಮುನಿಕೆಂಪಮ್ಮನ ಮಗ, ಗಂಗರತ್ನಮ್ಮನ ಗಂಡ ಲಕ್ಕಣ್ಣ ತನ್ನ ತಂಗಿಯರನ್ನೆಲ್ಲ ಹೀಗೇ ಕರೆಸಿದ್ದ. ತಲೆಗೊಂದು ಸೀರೆ, ಮುಡಿಗೆ ಹೂವು, ಕಾರಿನಲ್ಲಿ ಯಲಹಂಕಕ್ಕೆ ಪ್ರಯಾಣ, ಜಮೀನಿನ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ, ಆಮೇಲೆ ಹೋಟೆಲಿನಲ್ಲಿ ಊಟ. ಕೆಲವು ವರ್ಷಗಳ ಮೇಲೆ ದೊಡ್ಡ ತಂಗಿ ಗೋಪಾಲಮ್ಮ ಬಂದು, "ಅಣ್ಣಾ, ನಂಗೂ ಒಂದು ಸೈಟು ಬಿಡು" ಎಂದಾಗ ಲಕ್ಕಣ್ಣ ಎಲೆ ಅಡಿಕೆ ಜಗಿಯುತ್ತಲೇ, "ಸೈನ್ ಹಾಕಿದ್ಯಲ್ಲವ್ವ" ಎಂದಿದ್ದ. ಅಷ್ಟೇ. ಸಹಿ ಬಿದ್ದ ಮೇಲೆ ಮಾತಿಲ್ಲ ಎಂಬುದನ್ನು ಆ ಮನೆಯ ಗಂಡಸರೂ ಹೆಂಗಸರೂ ಒಂದೇ ಸಮ ನಂಬಿದ್ದರು.

"ಏನಕ್ಕಂತೆ ಸೀರೆ?" ಎಂದು ಮುನಿಕೆಂಪಮ್ಮ ಜಗುಲಿಯಿಂದಲೇ ಕೇಳಿದಳು.

"ಸುಮ್ನೆ ಅತ್ತೆ. ಸೊಸೆ ಒಂದ್ ಸೀರೆ ಉಟ್ಕೋಬಾರ್ದಾ?"

"ಸುಮ್ಸುಮ್ನೆ ಸೀರೆ ತರೋ ಜನ ಅಲ್ಲ ಬುಡು ನೀವು. ನಾನೀ ಮನೆಗ್ ಬಂದು ಕೂದ್ಲೆಲ್ಲ ಬೆಳ್ಳಗಾಯ್ತು, ಇನ್ನೂ ಸುಮ್ನೆ ಅಂತ ಒಂದ್ ಸೀರೆ ಬಂದಿಲ್ಲ."

ಸೊಸೆ ದಿವ್ಯಳಿಗೂ ಗೊತ್ತಿತ್ತು. ಅವಳು ಸೀರೆಯನ್ನು ಬಿಚ್ಚಿ ನೋಡಲಿಲ್ಲ. ಹಾಸಿಗೆಯ ಮೇಲಿಟ್ಟು ಕೊಟ್ಟಿಗೆಯ ಸಗಣಿ ಬಾಚಲು ಹೋದಳು.

ಲಕ್ಕಣ್ಣನ ಜಮೀನು ಒಳ್ಳೆಯ ಜಮೀನೇ. ಆದರೆ ಹಿಂದಿನ ಜಮೀನು. ದೊಡ್ಡಬಳ್ಳಾಪುರದ ರಸ್ತೆಗೂ ಅದಕ್ಕೂ ನಡುವೆ ಮುನಿಶಾಮಪ್ಪನ ಹೊಲ ಅಡ್ಡ ಮಲಗಿತ್ತು. ಜಮೀನನ್ನು ಸೈಟು ಮಾಡಿ ಮಾರಬೇಕೆಂಬುದು ಲಕ್ಕಣ್ಣನ ಆಸೆ, ಆದರೆ ನಲವತ್ತಡಿ ರಸ್ತೆ ಇಲ್ಲದೆ ಲೇಔಟಿಗೆ ಅನುಮತಿ ಸಿಗುವುದಿಲ್ಲ. ಆ ರಸ್ತೆ ಬರಬೇಕಾದರೆ ಮುನಿಶಾಮಪ್ಪನ ಹೊಲದ ಮೇಲೇ ಬರಬೇಕು. ಮುನಿಶಾಮಪ್ಪನ ಮಗಳು ಗಂಡನನ್ನು ಬಿಟ್ಟು ತವರಿಗೆ ಬಂದಿದ್ದಳು. "ಹೊರಗಿನವರಿಗೆ ದಾರಿ ಬಿಡೋಕಾಗಲ್ಲ ಲಕ್ಕಣ್ಣ. ಬೀಗರಾದ್ರೆ ಬೇರೆ ಮಾತು" ಎಂದು ಅವನು ಬಾಯಿ ಬಿಟ್ಟೇ ಹೇಳಿದ್ದ. ಅಲ್ಲಿಂದ ಮನೆಯಲ್ಲಿ ದಿವ್ಯಳಿಗೆ ಮಕ್ಕಳಾಗಿಲ್ಲ ಎಂಬ ಮಾತು ಶುರುವಾಯಿತು. ಮದುವೆಯಾಗಿ ನಾಲ್ಕು ವರ್ಷ ಯಾರಿಗೂ ನೆನಪಿಗೆ ಬಾರದ ಮಾತು.

ಮೊದಲು ಅವಳ ಗಂಡ ಸುಬ್ರಮಣಿ ನೀರಿನ ಟ್ಯಾಂಕರ್ ನಿಲ್ಲಿಸುವ ಶೆಡ್ಡಿನಲ್ಲಿ ಮಲಗಲು ಶುರುಮಾಡಿದ. ಮನೆಯ ಟ್ಯಾಂಕರುಗಳ ವ್ಯವಹಾರ ಅವನದೇ. ಕೆಲಸ ಜಾಸ್ತಿ ಎಂದ. ಆಮೇಲೆ ಅವಳ ತಟ್ಟೆ ಬೇರೆಯಾಯಿತು. ಒಂದು ಭಾನುವಾರ ಮಾಕಳಿಯಿಂದ ಅವಳ ತಾಯಿ ಸುಬ್ಬಮ್ಮನನ್ನು ಕರೆಸಿ, ಊರ ಹಿರಿಯರ ನಡುವೆ ಚಾಪೆಯ ಮೇಲೆ ಕೂರಿಸಿ, ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ ಎಂದರು. ಸುಬ್ಬಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಸ್ಸು ಹತ್ತಿದವಳು ಅಂದಿನಿಂದ ದಿನಾ ಫೋನು ಮಾಡಿ ಒಂದೇ ಮಾತು ಹೇಳುತ್ತಿದ್ದಳು: "ಬಂದ್ಬಿಡೇ. ಇನ್ನೊಂದ್ಸಲ ಆ ಚಾಪೆ ಮೇಲೆ ನನ್ನ ಕೂರಿಸ್ಬೇಡ."

ಗುರುವಾರ ಕಾರು ಯಲಹಂಕದ ಒಂದು ಬೇಕರಿಯ ಮುಂದೆ ನಿಂತಿತು. ಮೇಲಿನ ಮಹಡಿಯಲ್ಲಿ ವಕೀಲರ ಆಫೀಸು. ಟೈಪು ಮಾಡಿದ ಹಾಳೆಗಳು ಸಿದ್ಧವಾಗಿದ್ದವು.

"ಇಬ್ರೂ ಒಪ್ಪಿ ಹಾಕೋ ಡಿವೋರ್ಸ್ ಅರ್ಜಿಯಮ್ಮ. ಜಗಳ ಇಲ್ಲ, ಕದನ ಇಲ್ಲ" ಎಂದರು ವಕೀಲರು.

"ನಮ್ಮ ದಿವ್ಯ ಒಳ್ಳೆ ಹುಡ್ಗಿ ಸಾರ್. ಮಾತಾಡಲ್ಲ" ಎಂದ ಲಕ್ಕಣ್ಣ.

ದಿವ್ಯ ಸುಬ್ರಮಣಿಯ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ. ಪೆನ್ನು ತೆಗೆದುಕೊಂಡು, ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ, ಹಾಳೆಗಳನ್ನು ಅವಳ ಕಡೆ ತಳ್ಳಿದ. ಅವಳು ತಡೆದುಕೊಂಡಿದ್ದು ಅಲ್ಲಿಯವರೆಗೆ. ಅವನ ಸಹಿಯ ಮಸಿ ಆರುವ ಮೊದಲೇ ಅವಳದೂ ಬಿತ್ತು. ಏಳುವಾಗ ಮಾತ್ರ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳ ಅಭ್ಯಾಸವೋ ಏನೋ, "ನಂಗೊಂದು ಜೆರಾಕ್ಸ್ ಕೊಡಿ ಸರ್" ಎಂದಳು. ವಕೀಲರು ಕೊಟ್ಟರು. ಸಹಿ ಬಿದ್ದಾಗಿತ್ತಲ್ಲ.

ಹೋಟೆಲಿನಲ್ಲಿ ಲಕ್ಕಣ್ಣ ತುಂಬಾ ಪ್ರೀತಿಯಿಂದಿದ್ದ. "ಏನ್ ಬೇಕೋ ಹೇಳವ್ವ. ಜಾಮೂನು ಹೇಳ್ಲಾ?"

"ಬೇಡ ಮಾವ."

"ತಿನ್ನು. ನಾಳೆ ನಾಳಿದ್ರಲ್ಲಿ ಮಾಕಳಿಗೆ ಓಗ್ಬಿಡು. ಕೋರ್ಟ್ ಡೇಟ್ ಬಂದಾಗ ಕಾರ್ ಕಳಿಸ್ತೀನಿ."

ಮರುದಿನ ಯಲಹಂಕ ನ್ಯೂಟೌನಿನ ಲ್ಯಾಬಿನಲ್ಲಿ ದಿವ್ಯ ಒಬ್ಬ ಮುದುಕರಿಗೆ ರಕ್ತನಾಳ ಸಿಗದೆ ಮತ್ತೆ ಮತ್ತೆ ಚುಚ್ಚಿದಳು. ಮಲ್ಕಾ ಅವಳ ಕೈಯಿಂದ ಸಿರಿಂಜು ತೆಗೆದುಕೊಂಡು ತಾನೇ ರಕ್ತ ತೆಗೆದು ಕಳಿಸಿ, ಬಾಗಿಲು ಮುಂದೆ ಮಾಡಿದಳು. ಇಬ್ಬರೂ ಜೊತೆಯಲ್ಲೇ ಕೆಲಸಕ್ಕೆ ಸೇರಿದವರು.

"ಏನಾಯ್ತೇ ನಿಂಗೆ? ಆ ತಾತ ನನ್ನ ಬೈದು ಹೋದ್ರು."

ದಿವ್ಯ ಹೇಳಿದಳು. ಮಲ್ಕಾ ಕೊನೆಯವರೆಗೂ ಕೇಳಿ, "ಲಾಯರ್ ಹತ್ರ ಹೋಗು" ಎಂದಳು.

"ಸೈನ್ ಆಗೋಯ್ತಲ್ಲೇ. ಇನ್ನೇನಿದೆ?"

"ಅದನ್ನ ಅವ್ರು ಹೇಳ್ಲಿ, ನೀನಲ್ಲ. ನಮ್ಮ ಚಿಕ್ಕಮ್ಮನ ಕೇಸ್ ನೋಡಿದ್ರಲ್ಲ, ಚಿತ್ರಾ ಮೇಡಂ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೂತ್ಕೋತಾರೆ. ದುಡ್ಡು ಕೇಳಲ್ಲ. ನಾಳೆ ನಿನ್ನ ಶಿಫ್ಟ್ ನಾನ್ ಮಾಡ್ತೀನಿ, ಹೋಗ್ ಬಾ."

ಚಿತ್ರಾ ಎಂಬ ಆ ವಕೀಲೆ ಜೆರಾಕ್ಸ್ ಹಾಳೆಗಳನ್ನು ಓದುವಾಗ ಚಹಾ ಆರಿಹೋಯಿತು. ಒಂದು ಕಡೆ ನಿಲ್ಲಿಸಿ ಕೇಳಿದರು.

"ನೀವಿಬ್ರೂ ಒಂದು ವರ್ಷಕ್ಕಿಂತ ಜಾಸ್ತಿಯಿಂದ ಬೇರೆ ಬೇರೆ ಇದ್ದೀರ ಅಂತ ಬರೆದಿದೆ. ಹೌದಾ?"

"ಮೊನ್ನೆ ಸೈನ್ ಹಾಕೋಕೆ ಅವ್ರು ಹಾಕ್ಕೊಂಡು ಹೋದ ಶರ್ಟನ್ನ ನಾನೇ ಐರನ್ ಮಾಡಿದ್ದು ಮೇಡಂ."

ಚಿತ್ರಾ ನಗಲಿಲ್ಲ. ಹಾಳೆಯ ಅಂಚಿನಲ್ಲಿ ಒಂದು ಗೆರೆ ಎಳೆದರು. "ಒಪ್ಪಿಗೆ ಮೇಲೆ ಡಿವೋರ್ಸ್ ಬೇಕು ಅಂದ್ರೆ ಒಂದು ವರ್ಷ ದೂರ ಇದ್ದಿರ್ಬೇಕು. ಅದಕ್ಕೇ ಈ ಸುಳ್ಳು. ಅದು ಆಮೇಲೆ. ಮೊದ್ಲು ನೀವು ಹೇಳಿ. ನಿಮಗೆ ಡಿವೋರ್ಸ್ ಬೇಕಾ ಬೇಡ್ವಾ? ನಿಮ್ಮ ಗಂಡ ಏನಂತಾರೆ, ಅಮ್ಮ ಏನಂತಾರೆ ನಂಗ್ ಬೇಡ."

ಈ ಪ್ರಶ್ನೆಯನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ.

"ಬೇಡ ಮೇಡಂ. ಮುಂದೆ ಯಾವತ್ತೋ ಬೇಕು ಅನ್ನಿಸ್ಬೋದು. ಆದ್ರೆ ಅವತ್ತು ನಾನೇ ಕೇಳ್ತೀನಿ. ಇವರ ರಸ್ತೆಗೋಸ್ಕರ ಕೊಡಲ್ಲ."

"ಹಾಗಾದ್ರೆ ಕೇಳಿಸ್ಕೊಳಿ. ಇಂಥ ಅರ್ಜಿಗೆ ಒಪ್ಪಿಗೆ ಅನ್ನೋದು ಸಹಿ ಹಾಕಿದ ದಿನ ಇದ್ರೆ ಸಾಲದು, ಡಿಕ್ರಿ ಆಗೋ ದಿನದವರೆಗೂ ಇರ್ಬೇಕು. ಕಾನೂನಲ್ಲಿ ನಡುವೆ ಆರು ತಿಂಗಳು ಇಟ್ಟಿರೋದೇ ಅದಕ್ಕೆ. ಕೆಲವರು ಅದನ್ನ ಮನ್ನಾ ಮಾಡಿ ಅಂತ ಕೇಳ್ತಾರೆ, ಹಾಗಾಗಿ ನಾವು ಕಾಯೋದು ಬೇಡ. ಮೊದಲನೇ ಡೇಟಲ್ಲೇ ಒಪ್ಪಿಗೆ ವಾಪಸ್ ತಗೊಂಡಿದ್ದೀನಿ ಅಂತ ಬರೆದು ಕೊಡೋಣ. ಒಬ್ರು ಹಿಂದೆ ಸರಿದ್ರೆ ಅರ್ಜಿ ನಿಲ್ಲಲ್ಲ."

"ಬರೀ ಅಷ್ಟೇನಾ?"

"ಅಷ್ಟೇ."

"ಅವ್ರು ಬೇರೆ ಕೇಸ್ ಹಾಕಿದ್ರೆ?"

"ಹಾಕ್ಲಿ. ಕಾರಣ ಹೇಳ್ಬೇಕು, ಸಾಬೀತು ಮಾಡ್ಬೇಕು. ಮಕ್ಕಳಾಗಿಲ್ಲ ಅನ್ನೋದು ಕಾನೂನಿನ ಕಾರಣ ಅಲ್ಲ. ನಿಮ್ಮ ಮಾವನ ಜಮೀನಿಗೆ ದಾರಿ ಇಲ್ಲ ಅನ್ನೋದಂತೂ ಅಲ್ವೇ ಅಲ್ಲ."

"ಮನೆ ಮಾವನ ಹೆಸರಲ್ಲಿದೆ. ಆಚೆ ಹೋಗು ಅಂತಾರೆ."

"ಯಾರ ಹೆಸರಲ್ಲಾದ್ರೂ ಇರ್ಲಿ. ನೀವು ಮದುವೆಯಾಗಿ ಬಂದು ಸಂಸಾರ ಮಾಡಿದ ಮನೆ ಅದು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಲ್ಲಿರೋ ಹಕ್ಕು ನಿಮಗಿದೆ. ಅವರು ಕೋರ್ಟಿಗೆ ಹೋಗದೆ ನಿಮ್ಮನ್ನ ಆಚೆ ಹಾಕೋ ಹಾಗಿಲ್ಲ. ಹಾಕಿದ್ರೆ ನಾವು ಆದೇಶ ತರೋಣ. ಬೈದ್ರೆ ನನಗೆ ಫೋನ್ ಮಾಡಿ, ಕೈ ಮಾಡಿದ್ರೆ ಮೊದ್ಲು ಪೊಲೀಸಿಗೆ, ಆಮೇಲೆ ನನಗೆ. ನೀವಾಗಿ ಮಾತ್ರ ಪೆಟ್ಟಿಗೆ ಕಟ್ಬೇಡಿ."

ಬಸ್ಸಿನಲ್ಲಿ ದಿವ್ಯಳಿಗೆ ಹಸಿವಾಯಿತು. ರಾಜಾನುಕುಂಟೆಯಲ್ಲಿ ಇಳಿದು ಎರಡು ಬಜ್ಜಿ ತಿಂದು, ಮುನಿಕೆಂಪಮ್ಮನಿಗೆಂದು ಇನ್ನೆರಡು ಕಟ್ಟಿಸಿಕೊಂಡು ಮನೆಗೆ ನಡೆದಳು.

ಮಾಕಳಿಗೆ ಹೋಗುವ ಮಾತನ್ನು ಅವಳು ಎತ್ತಲೇ ಇಲ್ಲ. ಬೆಳಿಗ್ಗೆ ಕೊಟ್ಟಿಗೆ, ಆಮೇಲೆ ಲ್ಯಾಬು, ಸಂಜೆ ಅಡುಗೆಮನೆ. ಒಂದು ವಾರ ಕಳೆಯಿತು. ಅವರೆಕಾಯಿಯ ಕಾಲ. ನೆನೆಸಿದ ಕಾಳಿನ ದೊಡ್ಡ ಬೇಸಿನ್ ನಡುವೆ ಇಟ್ಟುಕೊಂಡು ಅತ್ತೆ, ಸೊಸೆ, ಮುನಿಕೆಂಪಮ್ಮ ಮೂವರೂ ಹಿಸುಕುತ್ತಿದ್ದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಿತ್ತು.

"ಯಾವಾಗ ಓಗ್ತೀಯ?" ಎಂದಳು ಗಂಗರತ್ನಮ್ಮ.

"ಎಲ್ಲಿಗೆ ಅತ್ತೆ?"

"ಎಲ್ಲಿಗೆ ಅಂತೆ. ಸೈನ್ ಹಾಕ್ದೋಳು ಇನ್ನೂ ಯಾವ ಮಕದಲ್ಲಿ ಈ ಮನೆ ಅನ್ನ ತಿಂತಿದ್ದೀಯ?"

"ಡಿಕ್ರಿ ಆಗೋವರೆಗೂ ನಾನೇ ಸೊಸೆ ಅತ್ತೆ. ಸಾರಿಗೆ ಕೊಬ್ಬರಿ ಜಾಸ್ತಿ ಹಾಕ್ಲಾ?"

"ನೋಡತ್ತೆ ಇವಳ ಮಾತು."

"ನಾನೇನ್ ನೋಡ್ಲಿ?" ಎಂದಳು ಮುನಿಕೆಂಪಮ್ಮ, ಕಾಳು ಹಿಸುಕುತ್ತಲೇ. "ಕೊಬ್ರಿ ಜಾಸ್ತಿ ಆಕು ಅನ್ನು. ನಿಂದು ಯಾವಾಗ್ಲೂ ನೀರ್ ಸಾರು."

"ನೀವು ಯಾರ ಕಡೆ ಅತ್ತೆ?"

"ಇಲ್ಲಿ ಕುಂತು ಬೇಳೆ ಇಸುಕ್ತಾವ್ಳಲ್ಲ, ಅವಳ ಕಡೆ. ಮುನಿಶಾಮಿ ಮಗಳು ಬಂದು ಇಸುಕಿದ್ರೆ ಅವಳ ಕಡೆ ಆಗ್ತೀನಿ. ಆದ್ರೆ ಅವಳ ಉಗುರು ನೋಡಿದ್ದೀಯ ನೀನು?"

ಗಂಗರತ್ನಮ್ಮ ಬೇಸಿನ್ನನ್ನು ತನ್ನ ಕಡೆಗೆ ಎಳೆದುಕೊಂಡಳು. ದಿವ್ಯ ಎದ್ದು ಹೋಗಲಿಲ್ಲ. ಕೈ ಚಾಚಿ ದೂರದಿಂದಲೇ ಕಾಳು ತೆಗೆದುಕೊಂಡು ಹಿಸುಕಿದಳು.

ಅದಾದ ಮೇಲೆ ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಅವಳ ಬಟ್ಟೆಗಳು ಎರಡು ಸೂಟ್‌ಕೇಸಿನಲ್ಲಿ ಜಗುಲಿಯ ಮೇಲಿದ್ದವು. ರೇಷ್ಮೆ ಸೀರೆ ಎಲ್ಲಕ್ಕಿಂತ ಮೇಲೆ, ಮಡಿಕೆ ಬಿಚ್ಚದೆ ಇತ್ತು. ಲಕ್ಕಣ್ಣ ಕುರ್ಚಿ ಹಾಕಿಕೊಂಡು ಬಾಗಿಲಿಗೆ ಅಡ್ಡ ಕೂತಿದ್ದ. ಕಾರಿನ ಡಿಕ್ಕಿ ತೆರೆದಿತ್ತು. ಸುಬ್ರಮಣಿ ಸ್ಟೇರಿಂಗಿನ ಹಿಂದೆ ಕೂತಿದ್ದ.

"ಕಾರ್ ಅತ್ತವ್ವ. ನಿಮ್ಮಮ್ಮಂಗೆ ಏಳಿದ್ದೀನಿ."

"ಮಾವ, ಸ್ವಲ್ಪ ಕುರ್ಚಿ ಸರಿಸಿ."

"ಯಾಕೆ?"

"ಒಳಗೆ ಹೋಗ್ಬೇಕು. ಕೈ ಕಾಲು ತೊಳ್ಕೋಬೇಕು."

"ಇದು ನಾನು ಕಟ್ಟಿದ ಮನೆ."

"ಹೌದು ಮಾವ. ನಾನು ಬಾಳಿದ ಮನೆ. ಇವತ್ತು ನೀವು ಒಳಗೆ ಬಿಡ್ಲಿಲ್ಲ ಅಂದ್ರೆ ನಾನಿಲ್ಲೇ ಜಗುಲಿ ಮೇಲೆ ಕೂತ್ಕೋತೀನಿ, ನಮ್ಮ ಲಾಯರಿಗೆ ಫೋನ್ ಮಾಡ್ತೀನಿ. ನಾಳೆ ಅವರು ಕೋರ್ಟಿಗೆ ಹೋಗ್ತಾರೆ. ಆಮೇಲೆ ನಿಮ್ಮ ಬಾಗಿಲು ತೆಗ್ಸೋಕೆ ಪೊಲೀಸ್ ಬರ್ತಾರೆ. ಹಿಂದೆ ನೀವು ಬಾಡಿಗೆಗೆ ಕೊಟ್ಟಿರೋ ಸಾಲು ಮನೆಯವರೆಲ್ಲ ನಿಂತು ನೋಡ್ತಾರೆ. ಅದು ಬೇಡ. ಕುರ್ಚಿ ಸರಿಸಿ."

"ಲಾಯರ್ರಾ?" ಲಕ್ಕಣ್ಣನ ಬಾಯಲ್ಲಿ ಎಲೆ ಅಡಿಕೆ ನಿಂತಿತು. "ನಿಂಗ್ಯಾವ ಲಾಯರು?"

"ಸರ್ಕಾರದವರೇ ಕೊಟ್ಟಿದ್ದಾರೆ."

ಒಳಗಿನಿಂದ ಮುನಿಕೆಂಪಮ್ಮ ಕೂಗಿದಳು. "ಲೋ ಲಕ್ಕಾ, ದಾರಿ ಬುಡೋ. ನನ್ ಮಾತ್ರೆ ಯಾವ್ದು ಅಂತ ಅವಳಿಗೇ ಗೊತ್ತಿರೋದು. ಎಚ್ಚುಕಮ್ಮಿ ಆಗಿ ನಾನ್ ಸತ್ರೆ ನಿನ್ ತಂಗೀರೆಲ್ಲ ಪಾಲು ಕೇಳ್ಕಂಡು ಬತ್ತಾರೆ ನೋಡ್ಕೋ."

ತಂಗಿಯರ ಹೆಸರಿಗೋ, ಪೊಲೀಸಿನ ಹೆಸರಿಗೋ, ಲಕ್ಕಣ್ಣ ಕುರ್ಚಿಯಿಂದ ಎದ್ದ. ದಿವ್ಯ ಒಂದು ಸೂಟ್‌ಕೇಸನ್ನು ಎತ್ತಿಕೊಂಡು ಒಳಗೆ ಹೋದಳು. ಇನ್ನೊಂದಕ್ಕೆಂದು ಹೊರಗೆ ಬರುವಾಗ ಸುಬ್ರಮಣಿ ಅದನ್ನು ಹಿಡಿದುಕೊಂಡು ಹೊಸಿಲಿನ ಹತ್ತಿರ ನಿಂತಿದ್ದ. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.

ಮಾತಾಡಿದ್ದು ಅವನೇ, ಎರಡು ದಿನದ ಮೇಲೆ, ಮಹಡಿಯಲ್ಲಿ ಅವಳು ಬಟ್ಟೆ ಒಣಹಾಕುವಾಗ.

"ಅಪ್ಪ ಪಾಲು ಕೊಡಲ್ಲ ಅಂದ್ರು ದಿವ್ಯ. ಟ್ಯಾಂಕರೂ ಕಿತ್ಕೋತೀನಿ ಅಂದ್ರು. ನಾನೇನ್ ಮಾಡ್ಲಿ?"

"ನನಗೆ ಹೇಳ್ಬೋದಿತ್ತು."

"ಹೇಳಿದ್ರೆ?"

"ಇಬ್ರೂ ಸೇರಿ ಯೋಚ್ನೆ ಮಾಡ್ತಿದ್ವಿ. ನೀವು ಶೆಡ್ಡಿಗೆ ಹೋಗಿ ಮಲಗಿದ್ರಿ." ಅವಳು ಅವನದೇ ಲುಂಗಿಯನ್ನು ಕೊಡವಿ ತಂತಿಗೆ ಹಾಕಿದಳು. "ನಿಮಗೆ ಆ ಹುಡುಗಿ ಇಷ್ಟಾನಾ?"

"ಅಯ್ಯೋ, ನಾನು ಅವಳ ಜೊತೆ ಮಾತೇ ಆಡಿಲ್ಲ."

"ಪಾಪ, ಅವಳ್ನೂ ಯಾರೂ ಕೇಳಿರಲ್ಲ" ಎಂದಳು ದಿವ್ಯ, ಖಾಲಿ ಬಕೆಟು ಹಿಡಿದು ಕೆಳಗಿಳಿಯುತ್ತ.

ಸುಬ್ಬಮ್ಮ ಒಮ್ಮೆ ತಾನಾಗಿ ಬಂದಳು. ಜಗುಲಿಯಲ್ಲೇ ನಿಂತು ಮಗಳನ್ನು ಬೈದಳು.

"ನಿಮ್ಮಣ್ಣ ಒಂದು ರೂಮು ಬಿಟ್ಕೊಡ್ತೀನಿ ಅಂದಿದ್ದಾನೆ. ಬಾರೇ. ಬೇಡ ಅಂದ ಮನೇಲಿ ಎಷ್ಟ್ ದಿನ ಇರ್ತೀಯ?"

"ಅಣ್ಣ ಅಂದ. ಅತ್ತಿಗೆ ಏನಂದ್ಲು?"

ಸುಬ್ಬಮ್ಮ ಕೈಯಲ್ಲಿದ್ದ ಚೀಲವನ್ನು ಜಗುಲಿಯ ಮೇಲಿಟ್ಟಳು.

"ನೋಡಮ್ಮ, ಬಾ. ಊಟ ಮಾಡು. ಯಾರೂ ಚಾಪೆ ಹಾಕಲ್ಲ, ಕುರ್ಚಿ ಮೇಲೆ ಕೂತ್ಕೋ. ಕೋರ್ಟ್ ಡೇಟ್ ಆದ ಮೇಲೆ ನಾನೇ ಮಾಕಳಿಗೆ ಬರ್ತೀನಿ, ಎರಡು ದಿನ ಇದ್ದು ವಾಪಸ್ ಬರ್ತೀನಿ. ಮಗಳು ತವರಿಗೆ ಬರೋ ಹಾಗೆ."

ಸುಬ್ಬಮ್ಮ ಅಂದು ಊಟ ಮಾಡಿ ಹೋದಳು. ಬಡಿಸಿದ್ದು ಮುನಿಕೆಂಪಮ್ಮ.

ಕೋರ್ಟಿನ ದಿನ ಲಕ್ಕಣ್ಣ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಕೋರ್ಟು ಹಾಲಿನ ಮುಂದಿನ ಸಾಲಿನಲ್ಲಿ ಕೂತ. ಎಷ್ಟೋ ಪತ್ರಗಳಿಗೆ ಸಾಕ್ಷಿ ಹಾಕಿದವನು ಅವನು; ಇಂಥ ಕಚೇರಿಗಳಲ್ಲಿ ಎಲ್ಲಿ ನಿಲ್ಲಬೇಕು, ಯಾರಿಗೆ ನಮಸ್ಕಾರ ಹಾಕಬೇಕು ಎಲ್ಲ ಬಲ್ಲ. ನ್ಯಾಯಾಧೀಶರು ಅರ್ಜಿ ನೋಡಿ ಗಂಡಹೆಂಡಿರನ್ನು ಸಂಧಾನದ ಕೋಣೆಗೆ ಕಳಿಸಿದರು. ಲಕ್ಕಣ್ಣನೂ ಹಿಂದೆಯೇ ಹೊರಟ. ಬಾಗಿಲಲ್ಲಿ ಸಂಧಾನಕಾರರು, ಬೆಳ್ಳಿ ಕೂದಲಿನ ಹೆಂಗಸು, ತಡೆದರು.

"ನೀವ್ಯಾರು?"

"ಹುಡುಗನ ತಂದೆ."

"ಮದುವೆ ಇವರಿಬ್ಬರದು. ನೀವು ಬೆಂಚ್ ಮೇಲೆ ಕೂತ್ಕೊಳಿ."

ಮೊದಲು ದಿವ್ಯಳನ್ನು ಒಬ್ಬಳನ್ನೇ ಕರೆದರು. ಚಿತ್ರಾ ಪಕ್ಕದಲ್ಲಿದ್ದರು, ಆದರೆ ಮಾತಾಡಲಿಲ್ಲ.

"ಈ ಅರ್ಜಿಗೆ ನೀವಾಗಿ ಸಹಿ ಹಾಕಿದ್ರಾ ಅಮ್ಮ?"

"ಕೈ ನಂದೇ ಮೇಡಂ. ಇಷ್ಟ ನಂದಲ್ಲ. ನಾವು ಬೇರೆ ಇರೋದೂ ಸುಳ್ಳು, ಒಂದೇ ಮನೇಲಿದ್ದೀವಿ. ನನ್ನ ಒಪ್ಪಿಗೆ ವಾಪಸ್ ತಗೋತಿದ್ದೀನಿ." ಹಾಳೆಯನ್ನು ಮೇಜಿನ ಮೇಲಿಟ್ಟಳು. ಈ ಸಲ ಪ್ರತಿ ಸಾಲನ್ನೂ ಓದಿ ಸಹಿ ಹಾಕಿದ್ದಳು.

ಆಮೇಲೆ ಸುಬ್ರಮಣಿಯನ್ನು ಕರೆದು ಕೇಳಿದರು. ಕೊನೆಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು.

"ನಿಮ್ಮ ಹೆಂಡ್ತಿ ಒಪ್ಪಲ್ಲ ಅಂತಿದ್ದಾರೆ. ನೀವೇನಂತೀರಿ?"

"ನಂಗೂ ಬೇಡ ಆಗಿತ್ತು ಮೇಡಂ. ಅಪ್ಪ…"

"ಆಗಿತ್ತು ಅಂದ್ರೆ ಸಾಲಲ್ಲ ರೀ" ಎಂದಳು ದಿವ್ಯ, ಅವನ ಕಡೆ ತಿರುಗಿ. ಸಹಿಯ ದಿನದಿಂದ ಅವಳು ಅವನನ್ನು ನೇರವಾಗಿ ನೋಡಿದ್ದು ಅದೇ ಮೊದಲು. "ಇವತ್ತು ಬೇಕಾ, ಬೇಡ್ವಾ?"

"ಬೇಡ" ಎಂದ ಸುಬ್ರಮಣಿ. ಸಂಧಾನಕಾರರು ಬರೆದುಕೊಂಡರು.

ಬೆಂಚಿನಿಂದ ಎದ್ದ ಲಕ್ಕಣ್ಣನಿಗೆ ಯಲಹಂಕದ ವಕೀಲರು ವಿಷಯ ಹೇಳಿದರು. ಅವನು ಬೇಗ ಅರ್ಥ ಮಾಡಿಕೊಳ್ಳಲಿಲ್ಲ.

"ಅಲ್ಲ ಸಾರ್, ಇಬ್ರೂ ಸೈನ್ ಹಾಕವ್ರಲ್ಲ. ನಿಮ್ ಮುಂದೇನೇ ಹಾಕಿದ್ದು."

"ಹಾಕಿದ್ರು. ಹೆಣ್ಮಗಳು ವಾಪಸ್ ತಗೊಂಡ್ರು."

"ಸೈನ್ ವಾಪಸ್ ತಗಳಾದು ಅಂದ್ರೇನು ಸಾರ್? ನಮ್ ತಂಗೀರು ತಗಂಡಿದ್ದಾರಾ?"

"ಇದು ಜಮೀನಲ್ಲ ಲಕ್ಕಣ್ಣೋರೆ" ಎಂದರು ವಕೀಲರು, ಕೋಟು ತೋಳಿನ ಮೇಲೆ ಹಾಕಿಕೊಂಡು.

ಮನೆಗೆ ಬಂದ ಮೇಲೆ ಯಾರೂ ಕೂಗಾಡಲಿಲ್ಲ. ಲಕ್ಕಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ದಿವ್ಯ ಮುಖ ತೊಳೆದು ಅಡುಗೆಮನೆಯ ಬಾಗಿಲಿಗೆ ಬಂದಳು.

"ಅತ್ತೆ, ಹಿಂದಿನ ಸಾಲಲ್ಲಿ ಕೊನೇ ಮನೆ ಖಾಲಿ ಇದೆಯಲ್ಲ. ಅದರ ಬೀಗದ ಕೈ ಕೊಡಿ. ನಾನು ಅಲ್ಲಿರ್ತೀನಿ."

"ಈ ಮನೇನೇ ಬೇಕು ಅಂತ ಕೋರ್ಟ್ ತನಕ ಓದೆ."

"ಅದೂ ಇದೇ ಮನೆ ಅತ್ತೆ, ಒಂದೇ ಕಾಂಪೌಂಡು. ಕೊಟ್ಟಿಗೆ ಕೆಲಸಕ್ಕೆ ಬರ್ತೀನಿ, ಅಜ್ಜಿ ಮಾತ್ರೆಗೆ ಬರ್ತೀನಿ. ನನ್ನ ತಟ್ಟೇನ ಮಾತ್ರ ನಾನೇ ಇಟ್ಕೋತೀನಿ."

ಗಂಗರತ್ನಮ್ಮ ಒಲೆಯ ಉರಿ ತಗ್ಗಿಸಿದಳು. ಆಮೇಲೆ ಮೊಳೆಯಿಂದ ಬೀಗದ ಕೈ ತೆಗೆದು ಕಟ್ಟೆಯ ಮೇಲಿಟ್ಟಳು. ಅದರ ಪಕ್ಕದಲ್ಲಿ ರಾಗಿ ಹಿಟ್ಟಿನ ಡಬ್ಬಿಯನ್ನೂ ಇಟ್ಟಳು. "ಅಲ್ಲಿ ಗ್ಯಾಸ್ ಐತೆ. ಸಿಂಕಿನ ನಲ್ಲಿ ಸೋರ್ತದೆ, ಬಟ್ಟೆ ಸುತ್ತು."

ಕೊನೆಯ ಮನೆಯ ಕಿಟಕಿ ತೆರೆದು, ನೆಲ ಗುಡಿಸಿ, ನಲ್ಲಿಗೆ ಬಟ್ಟೆ ಸುತ್ತಿ ದಿವ್ಯ ಒಲೆ ಹಚ್ಚುವ ಹೊತ್ತಿಗೆ ಇನ್ನೂ ಬೆಳಕಿತ್ತು. ಸುಬ್ರಮಣಿ ಬಾಗಿಲಲ್ಲಿ ಬಂದು ನಿಂತ.

"ನಾನೂ ಬರ್ಲಾ?"

"ನಿಮ್ಮಪ್ಪಂಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ಹೇಳ್ಬಿಟ್ಟು ಬನ್ನಿ. ಕದ್ದು ಬರೋದಾದ್ರೆ ಬೇಡ. ಶೆಡ್ಡಿಂದಾನೂ ಬೇಡ, ಮುಂದಿನ ಬಾಗಿಲಿಂದ ಬನ್ನಿ."

ಅವನು ಸ್ವಲ್ಪ ಹೊತ್ತು ಚಪ್ಪಲಿಯ ತುದಿಯಿಂದ ನೆಲ ಕೆರೆದ. ನಂತರ ತಿರುಗಿ ದೊಡ್ಡ ಮನೆಯ ಕಡೆ ನಡೆದ. ಬಾಗಿಲು ತಟ್ಟಿದ ಸದ್ದು ಕೇಳಿತು. "ಅಪ್ಪ" ಎಂದದ್ದು ಕೇಳಿತು. ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ, "ಅಪ್ಪ, ಬಾಗಿಲು ತೆಗಿ."

ದಿವ್ಯ ಕಿವಿಗೊಡಲು ಹೋಗಲಿಲ್ಲ. ಪಾತ್ರೆಗೆ ನೀರು ಸುರಿದು ಉಪ್ಪು ಹಾಕಿದಳು. ಒಬ್ಬರಿಗೆ ಆಗುವಷ್ಟು ಹಿಟ್ಟನ್ನು ತಟ್ಟೆಯಲ್ಲಿ ಅಳೆದಿಟ್ಟಳು. ಬಂದರೆ ಇನ್ನಷ್ಟು ಹಾಕಲು ಎಸರು ಸಾಲುವಂತಿತ್ತು.